ಟರ್ಬೊ ಸ್ನೋಮೊಬೈಲ್‌ಗೆ ಇಂಧನ ಕಂಟ್ರೋಲರ್ ಅಳವಡಿಕೆ

ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗೆ ಟರ್ಬೊಚಾರ್ಜರ್ ಕೂರಿಸಿದ ಮೇಲೆ ಎಂಜಿನ್ನಿನೊಳಗೆ ಮೊದಲಿಗಿಂತ ಹೆಚ್ಚು ಗಾಳಿ ನುಗ್ಗುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಂಜೆಕ್ಟರ್‌ಗಳಿಂದ ಬೀಳುವಂತೆ ನೋಡಿಕೊಳ್ಳಲು, ತಯಾರಕರು ಕೊಟ್ಟ ವ್ಯವಸ್ಥೆಯ ಜೊತೆಗೆ ಹೊರಗಿನಿಂದ ಸೇರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಇಂಧನ ಕಂಟ್ರೋಲರ್ ಎಂದು ಹೆಸರು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಒಂದು ವೈರ್ ಗೊಂಚಲು, ಗಾಳಿಯ ಒತ್ತಡ ಅಳೆಯುವ ಒಂದು ಸೆನ್ಸರ್: ಕಣ್ಣಿಗೆ ಕಾಣುವುದು ಇಷ್ಟೇ. ಶಕ್ತಿ ಬರುವುದು ಟರ್ಬೊದಿಂದ; ಆ ಶಕ್ತಿಯಲ್ಲಿ ಎಂಜಿನ್ ಸುಟ್ಟುಹೋಗದಂತೆ ಗಾಳಿ ಮತ್ತು ಪೆಟ್ರೋಲಿನ ಲೆಕ್ಕ ಇಡುವುದು ಈ ಪೆಟ್ಟಿಗೆ. ಅಮೆರಿಕದ ಮೊಂಟಾನಾ, ಐಡಹೊ, ವಯೋಮಿಂಗ್ ರಾಜ್ಯಗಳಲ್ಲಿ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಅಂದರೆ ರಾಕಿ ಪರ್ವತಗಳ ಸುತ್ತಮುತ್ತ, ಇದರ ಬಳಕೆ ಹೆಚ್ಚು. ಸ್ವೀಡನ್ ಮತ್ತು ನಾರ್ವೆಯಲ್ಲೂ ಟರ್ಬೊ ಸ್ನೋಮೊಬೈಲ್‌ಗಳ ಹವ್ಯಾಸ ಬೇರುಬಿಟ್ಟಿದೆ.

ಬೆಟ್ಟದ ಎತ್ತರ ಮತ್ತು ಟರ್ಬೊ

ಸ್ನೋಮೊಬೈಲ್ ಮೊದಲು ಹುಟ್ಟಿದ್ದು ಮೋಜಿಗಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ, 1934ರ ಚಳಿಗಾಲದಲ್ಲಿ ದಾರಿಯೆಲ್ಲ ಹಿಮ ತುಂಬಿ ಆಸ್ಪತ್ರೆಗೆ ಒಯ್ಯಲಾಗದೆ ತನ್ನ ಎಳೆಯ ಮಗನನ್ನು ಕಳೆದುಕೊಂಡವನು. ಮುಂದೆ ಹಲ್ಲುಚಕ್ರ ಮತ್ತು ರಬ್ಬರ್ ಪಟ್ಟಿಯ ಮೇಲೆ ಓಡುವ ವಾಹನಕ್ಕೆ ಅವನು 1937ರಲ್ಲಿ ಹಕ್ಕುಪತ್ರ ಪಡೆದ. ವೈದ್ಯರು, ಅಂಚೆಯವರು, ಶಾಲೆಯ ಮಕ್ಕಳು ಓಡಾಡಿದ ದೊಡ್ಡ ಬಂಡಿ ಅದು. ಒಬ್ಬಿಬ್ಬರು ಕಾಲು ಇಬ್ಬದಿಗೆ ಹಾಕಿ ಕೂತು ಓಡಿಸುವ ಹಗುರ ಸ್ಕಿ-ಡೂ 1959ರಲ್ಲಿ ಮಾರುಕಟ್ಟೆಗೆ ಬಂತು. ಅದೇ ದಶಕದಲ್ಲಿ ಅಮೆರಿಕದ ಮಿನಸೋಟ ರಾಜ್ಯದ ರೋಸೋ ಎಂಬಲ್ಲಿ ಪೊಲಾರಿಸ್ ಕಂಪನಿಯೂ, ಸ್ವಲ್ಪ ಕಾಲದ ನಂತರ ಥೀಫ್ ರಿವರ್ ಫಾಲ್ಸ್‌ನಲ್ಲಿ ಆರ್ಕ್ಟಿಕ್ ಕ್ಯಾಟ್ ಕಂಪನಿಯೂ ಈ ವಾಹನ ತಯಾರಿಸತೊಡಗಿದವು. ಜಪಾನಿನ ಯಮಹಾ 1968ರಲ್ಲಿ ಸೇರಿಕೊಂಡಿತು. ಭಾರತದಲ್ಲಿ ಈ ವಾಹನ ನೋಡಬೇಕೆಂದರೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಬಹುದು. ಅಲ್ಲಿ ಪ್ರವಾಸಿಗರ ಸವಾರಿಗೆ ಸಿಗುತ್ತದೆ.

ಮಿನಸೋಟ, ಕ್ವಿಬೆಕ್‌ನ ಬಯಲು ಹಿಮದಲ್ಲಿ ಟರ್ಬೊದ ಕೊರತೆ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ರಾಕಿ ಪರ್ವತಗಳ ಕಥೆಯೇ ಬೇರೆ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ ಸುಮಾರು 101 ಕಿಲೋಪಾಸ್ಕಲ್. 3,000 ಮೀಟರ್ ಎತ್ತರದಲ್ಲಿ ಅದು 70ಕ್ಕೆ ಇಳಿಯುತ್ತದೆ. ಎಂಜಿನ್ ಪ್ರತಿ ಸುತ್ತಿಗೆ ಒಳಗೆಳೆದುಕೊಳ್ಳುವ ಗಾಳಿಯ ತೂಕವೂ ಅದೇ ಲೆಕ್ಕದಲ್ಲಿ ಕುಗ್ಗುವುದರಿಂದ, ತಗ್ಗಿನಲ್ಲಿ 150 ಅಶ್ವಶಕ್ತಿ ಕೊಡುವ ಯಂತ್ರ ಅಲ್ಲಿ 105ರಿಂದ 110ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕಾರ್ಬ್ಯುರೇಟರ್ ಬೈಕಿನಲ್ಲಿ ಲಡಾಖ್‌ನ ಖರ್ದುಂಗ್ಲಾ ಹತ್ತಿದ ಕನ್ನಡಿಗರಿಗೆ ಎಂಜಿನ್ ಹೀಗೆ ಉಸಿರುಗಟ್ಟುವ ಪರಿ ಚೆನ್ನಾಗಿ ಗೊತ್ತು. ಬೈಕಾದರೆ ಗೇರ್ ಇಳಿಸಿ ನಿಧಾನಕ್ಕೆ ಹತ್ತಬಹುದು. ಎದೆಯೆತ್ತರದ ಪುಡಿಹಿಮದಲ್ಲಿ ಕಡಿದಾದ ಇಳಿಜಾರು ಏರುವ ಸ್ನೋಮೊಬೈಲ್‌ಗೆ ನಿಧಾನ ಎಂಬ ಆಯ್ಕೆ ಇಲ್ಲ. ಪಟ್ಟಿಯ ವೇಗ ಕುಗ್ಗಿದ ಕೂಡಲೇ ವಾಹನ ಹಿಮದೊಳಗೆ ಇಳಿದು ಹೂತುಬಿಡುತ್ತದೆ. ಪರ್ವತದ ಸವಾರರು ಟರ್ಬೊದ ಮೊರೆಹೋದದ್ದು ಈ ಕಾರಣಕ್ಕೆ. ವಯೋಮಿಂಗ್‌ನ ಜಾಕ್ಸನ್ ಪಟ್ಟಣದ ಸ್ನೋ ಕಿಂಗ್ ಬೆಟ್ಟದಲ್ಲಿ 1970ರ ದಶಕದಿಂದ ನಡೆಯುತ್ತಿರುವ ಬೆಟ್ಟ ಹತ್ತುವ ಸ್ಪರ್ಧೆಯೂ, ಮೊಂಟಾನಾದ ಕುಕ್ ಸಿಟಿ, ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್‌ನಂಥ ಊರುಗಳ ಚಳಿಗಾಲದ ಸಂತೆಯೂ ಈ ಹುಚ್ಚನ್ನು ಬೆಳೆಸಿದವು.

ಇಂಜೆಕ್ಟರ್‌ಗೆ ಸಿಗುವ ಸಮಯ

ಪೆಟ್ರೋಲ್ ಎಂಜಿನ್ನಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 1967ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆಯೊಂದಿಗೆ. ಇದೇ ಬಾಷ್‌ನ ಭಾರತದ ಕವಲು ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂಬ ಹೆಸರಿನಲ್ಲಿ 1950ರ ದಶಕದಿಂದ ಸ್ಪಾರ್ಕ್ ಪ್ಲಗ್, ಡೀಸೆಲ್ ಇಂಜೆಕ್ಷನ್ ಪಂಪ್ ಮಾಡುತ್ತಿದ್ದದ್ದು. ಸ್ನೋಮೊಬೈಲ್‌ಗಳಿಗೆ ಇಂಜೆಕ್ಷನ್ ತಡವಾಗಿ, ನಿಧಾನವಾಗಿ ಬಂತು. ಯಮಹಾದ ಉದಾಹರಣೆ ನೋಡಿದರೆ, 2003ರ ಆರ್‌ಎಕ್ಸ್-1 ಮಾದರಿಯಲ್ಲಿ ಕಾರ್ಬ್ಯುರೇಟರ್‌ಗಳಿದ್ದವು; 2006ರ ಅಪೆಕ್ಸ್ ಮಾದರಿಯಲ್ಲಿ ಇಂಜೆಕ್ಷನ್ ಬಂತು. ಅಪೆಕ್ಸ್‌ನದು 998 ಸಿಸಿಯ ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್ ಎಂಜಿನ್, ಸುಮಾರು 150 ಅಶ್ವಶಕ್ತಿ. ಗಟ್ಟಿ ಎಂಜಿನ್ ಎಂಬ ಹೆಸರಿದ್ದುದರಿಂದ ಹೊರಗಿನ ಟರ್ಬೊ ಕೂರಿಸುವವರಿಗೆ ಅದು ಅಚ್ಚುಮೆಚ್ಚಾಯಿತು. ಮುಂದಿನ ವಿವರಣೆಗೆ ಇದನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು.

ಇಂಜೆಕ್ಟರ್ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ನಲ್ಲಿ. ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ಪೆಟ್ರೋಲ್. ಆ ಹೊತ್ತನ್ನು ನಿರ್ಧರಿಸುವುದು ವಾಹನದ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ, ಅಂದರೆ ಇಸಿಯು. ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ವೇಗದಲ್ಲಿ ಸುತ್ತುತ್ತಿದೆ, ಗಾಳಿಯ ಉಷ್ಣತೆ ಮತ್ತು ವಾಯುಮಂಡಲದ ಒತ್ತಡ ಎಷ್ಟು ಎಂದು ನೋಡಿ, ತನ್ನೊಳಗಿನ ಕೋಷ್ಟಕದಿಂದ ಮಿಲಿಸೆಕೆಂಡ್‌ಗಳನ್ನು ಆರಿಸುತ್ತದೆ. ಸಾಮಾನ್ಯ ಎಂಜಿನ್ನಿಗೆ ಇಷ್ಟು ಸಾಕು. ಟರ್ಬೊ ಕೂರಿಸಿದ ಮೇಲೆ ಅದೇ ಥ್ರಾಟಲ್, ಅದೇ ವೇಗಕ್ಕೆ ಒಮ್ಮೆ ಒಂದು ಪಾಲು ಗಾಳಿ, ಇನ್ನೊಮ್ಮೆ ಒಂದೂವರೆ ಪಾಲು ಗಾಳಿ ಬರುತ್ತದೆ. ಕಾರ್ಖಾನೆಯ ಕೋಷ್ಟಕದಲ್ಲಿ ಇದಕ್ಕೆ ಜಾಗವೇ ಇಲ್ಲ. ಒತ್ತಡ ಅಳೆಯುವ ಸೆನ್ಸರ್ ಇದ್ದರೂ ಅದು ಎಷ್ಟೋ ವಾಹನಗಳಲ್ಲಿ ವಾಯುಮಂಡಲದ ಒತ್ತಡಕ್ಕಿಂತ ಮೇಲಿನದನ್ನು ಓದುವಂತೆ ಮಾಡಿದ್ದಲ್ಲ. ಮಿತಿ ಮೀರಿದ ಅಂಕಿ ಕಂಡರೆ ಇಸಿಯು ಸೆನ್ಸರ್ ಕೆಟ್ಟಿದೆ ಎಂದು ಬಗೆದು ದೋಷದ ದೀಪ ಹಚ್ಚುತ್ತದೆ.

ಸಮಯವೂ ಬಲು ಕಡಿಮೆ. ಅಪೆಕ್ಸ್‌ನಂಥ ಎಂಜಿನ್ ನಿಮಿಷಕ್ಕೆ 10,500 ಸುತ್ತು ತಿರುಗುವಾಗ, ನಾಲ್ಕು ಸ್ಟ್ರೋಕಿನ ಒಂದು ಪೂರ್ತಿ ಆವರ್ತಕ್ಕೆ ಸಿಗುವುದು 11.4 ಮಿಲಿಸೆಕೆಂಡ್. ಇಂಜೆಕ್ಟರ್ ಮುಚ್ಚಿ ತಣ್ಣಗಾಗಲು ಒಂದಿಷ್ಟು ಬಿಡುವು ಬೇಕಾದ್ದರಿಂದ ಅದರ ಶೇ. 85ನ್ನು, ಅಂದರೆ 9.7 ಮಿಲಿಸೆಕೆಂಡನ್ನು ಮಿತಿ ಎನ್ನುತ್ತಾರೆ. ಅದರಲ್ಲಿ ಸುಮಾರು 1 ಮಿಲಿಸೆಕೆಂಡ್ ಇಂಜೆಕ್ಟರ್‌ನ ಸೂಜಿ ಏಳುವುದರಲ್ಲೇ ಕಳೆದುಹೋಗುತ್ತದೆ. ಚಳಿಗೆ ಬ್ಯಾಟರಿ ಸೊರಗಿ ವೋಲ್ಟೇಜ್ ಇಳಿದರೆ ಈ ನಷ್ಟ ಇನ್ನೂ ಹೆಚ್ಚು. 7 ಮಿಲಿಸೆಕೆಂಡ್ ತೆರೆಯುತ್ತಿದ್ದ ಇಂಜೆಕ್ಟರ್‌ನಿಂದ ಮೂರನೇ ಒಂದು ಪಾಲು ಹೆಚ್ಚು ಪೆಟ್ರೋಲ್ ಬೇಕೆಂದರೆ ಅದು 9 ಮಿಲಿಸೆಕೆಂಡ್ ತೆರೆಯಬೇಕು. ಆಮೇಲೆ ಉಳಿಯುವ ಜಾಗ ಅಷ್ಟಕ್ಕಷ್ಟೆ.

ಬಗೆಗಳು

ಹೊರಗಿನ ಕಂಟ್ರೋಲರ್‌ಗಳು ಮೂರು ದಾರಿ ಹಿಡಿಯುತ್ತವೆ. ಹೆಚ್ಚು ಪ್ರಚಾರದಲ್ಲಿರುವುದು ಸವಾರಿ ಪೆಟ್ಟಿಗೆ: ಇಸಿಯು ಮತ್ತು ಇಂಜೆಕ್ಟರ್‌ಗಳ ನಡುವಿನ ವೈರಿನಲ್ಲಿ ಕೂತು, ಇಸಿಯು ಕಳಿಸಿದ ಸಂಕೇತವನ್ನು ಓದಿ, ಬೂಸ್ಟ್ (ಟರ್ಬೊ ಸೇರಿಸಿದ ಹೆಚ್ಚುವರಿ ಒತ್ತಡ) ನೋಡಿಕೊಂಡು ಅದನ್ನು ಒಂದಿಷ್ಟು ಉದ್ದ ಮಾಡಿ ಇಂಜೆಕ್ಟರ್‌ಗೆ ದಾಟಿಸುವ ಬಗೆ. ಮೊಂಟಾನಾ ರಾಜ್ಯದಲ್ಲಿ ಬೆಳೆದ ಡೈನೋಜೆಟ್ ಕಂಪನಿಯ ಪವರ್ ಕಮಾಂಡರ್, ಅದೇ ರಾಜ್ಯದ ಡೊಬೆಕ್ ಕಂಪನಿಯ ಪೆಟ್ಟಿಗೆಗಳು, ಸ್ನೋಮೊಬೈಲ್ ಟರ್ಬೊಗಳಿಗೇ ಹೆಸರಾದ ಬೂನ್‌ಡಾಕರ್‌ನ ಕಂಟ್ರೋಲರ್ ಈ ಗುಂಪಿನವು. ಕೆಲವನ್ನು ಲ್ಯಾಪ್‌ಟಾಪ್‌ನಿಂದ ತಿದ್ದಬೇಕು. ಕೆಲವಕ್ಕೆ ಪೆಟ್ಟಿಗೆಯ ಮೇಲೆಯೇ ಗುಂಡಿಗಳೂ ದೀಪಗಳೂ ಇದ್ದು, ಕೈಗವಸು ಬಿಚ್ಚಿ ಹಿಮದಲ್ಲೇ ನಿಂತು ತಿದ್ದಬಹುದು. ಎರಡನೆಯದು ಇಸಿಯು ಒಳಗಿನ ಕೋಷ್ಟಕವನ್ನೇ ಮತ್ತೆ ಬರೆಯುವುದು. ಬೆಂಗಳೂರಿನ ಬೈಕ್ ಗ್ಯಾರೇಜುಗಳಲ್ಲಿ ರೀಮ್ಯಾಪ್ ಎಂದು ಕೇಳಿಬರುವುದು ಇದೇ. ಮೂರನೆಯದು ಮೂಲ ಇಸಿಯುವನ್ನು ತೆಗೆದು ಸ್ವತಂತ್ರ ಇಸಿಯು ಕೂರಿಸುವುದು. ಇದು ರೇಸಿನವರ ಕೆಲಸ.

ಸವಾರಿ ಪೆಟ್ಟಿಗೆಯ ಬಗ್ಗೆ ಒಂದು ಮಿತಿಯನ್ನು ಸ್ಪಷ್ಟವಾಗಿ ಹೇಳಬೇಕು. ಅದು ಪೆಟ್ರೋಲನ್ನು ಮುಟ್ಟುತ್ತದೆ. ಅಗ್ಗದ ಮಾದರಿಗಳು ಕಿಡಿಯ ಸಮಯವನ್ನು ಮುಟ್ಟುವುದಿಲ್ಲ. ಬೂಸ್ಟ್ ಏರಿದಂತೆ ಕಿಡಿಯನ್ನು ಕೆಲವು ಡಿಗ್ರಿ ತಡಮಾಡದೆ ಹೋದರೆ ಪೆಟ್ರೋಲ್ ಎಷ್ಟೇ ಸುರಿದರೂ ನಾಕಿಂಗ್, ಅಂದರೆ ಮಿಶ್ರಣ ಹದ ತಪ್ಪಿ ಸಿಡಿಯುವುದು, ಪೂರ್ತಿ ತಪ್ಪುವುದಿಲ್ಲ. ಅಪೆಕ್ಸ್‌ನಂಥ ಎಂಜಿನ್‌ಗಳ ಸಂಕೋಚನ ಅನುಪಾತ ಮೊದಲೇ ಹೆಚ್ಚಿರುವುದರಿಂದ ದಪ್ಪನೆಯ ಹೆಡ್ ಗ್ಯಾಸ್ಕೆಟ್ ಹಾಕಿ ಅದನ್ನು ತಗ್ಗಿಸುವ ಪದ್ಧತಿ ಬಂದದ್ದು ಇದಕ್ಕೇ.

ಒಂದೇ ಬೂಸ್ಟ್, ಬೇರೆ ಬೇರೆ ಎತ್ತರ

ಟರ್ಬೊ ಸ್ನೋಮೊಬೈಲ್‌ನ ವಿಷಯದಲ್ಲಿ ಕಾರಿನ ಟರ್ಬೊ ಬಲ್ಲವರೂ ಎಡವುವ ಜಾಗ ಇದು. ಹ್ಯಾಂಡಲ್ ಬಳಿಯ ಬೂಸ್ಟ್ ಮೀಟರ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ ಎಂಬುದನ್ನು ಮಾತ್ರ. ಎಂಜಿನ್‌ಗೆ ಬೇಕಾದ ಲೆಕ್ಕ ಒಟ್ಟು ಒತ್ತಡ.

3,000 ಮೀಟರ್ ಎತ್ತರದಲ್ಲಿ ಮೀಟರ್ 6 ಪಿಎಸ್‌ಐ, ಅಂದರೆ 41 ಕಿಲೋಪಾಸ್ಕಲ್ ತೋರಿಸುತ್ತಿದೆ ಎನ್ನೋಣ. ಹೊರಗಿನ 70ಕ್ಕೆ ಅದು ಸೇರಿದರೆ ಒಟ್ಟು 111. ಟರ್ಬೊ ಇಲ್ಲದ ಎಂಜಿನ್ ಸಮುದ್ರಮಟ್ಟದಲ್ಲಿ ಕಾಣುವುದಕ್ಕಿಂತ ತುಸು ಹೆಚ್ಚು, ಅಷ್ಟೇ. ಇನ್ನು ಉಷ್ಣತೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಟರ್ಬೊದ ಸಂಕೋಚಕ ಶೇ. 70ರಷ್ಟು ದಕ್ಷವಾಗಿದ್ದರೆ, ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದ ಗಾಳಿ 43 ಡಿಗ್ರಿ ಸೆಲ್ಸಿಯಸ್ಸಿಗೆ ಏರಿ ಹೊರಬರುತ್ತದೆ. ಬಿಸಿ ಗಾಳಿ ತೆಳು. ಎರಡನ್ನೂ ಲೆಕ್ಕ ಹಾಕಿದರೆ ಎಂಜಿನ್‌ಗೆ ಸಿಗುವ ಗಾಳಿಯ ಸಾಂದ್ರತೆ ಸಮುದ್ರಮಟ್ಟದ 15 ಡಿಗ್ರಿಯ ದಿನಕ್ಕೆ ಸರಿಸಮ. ಬೆಟ್ಟದ ಮೇಲೆ ಟರ್ಬೊ ಇಲ್ಲದೆ ಸಿಗುತ್ತಿದ್ದುದಕ್ಕಿಂತ ಇದು ಶೇ. 32ರಷ್ಟು ಹೆಚ್ಚು, ಕಂಟ್ರೋಲರ್ ಸೇರಿಸಬೇಕಾದ ಪೆಟ್ರೋಲೂ ಹೆಚ್ಚುಕಡಿಮೆ ಅಷ್ಟೇ, ಜೊತೆಗೆ ತಂಪಿಗಾಗಿ ಇನ್ನೊಂದಿಷ್ಟು. ಇಂಟರ್‌ಕೂಲರ್ ಕೂರಿಸಿ ಗಾಳಿಯನ್ನು 10 ಡಿಗ್ರಿಗೆ ಇಳಿಸಿದರೆ ಸಾಂದ್ರತೆ ಮತ್ತೆ ಶೇ. 12ರಷ್ಟು ಏರುತ್ತದೆ, ಹಾಗೆಯೇ ಪೆಟ್ರೋಲಿನ ಬೇಡಿಕೆಯೂ.

ಈಗ ಅದೇ ವಾಹನ ಸಂಜೆ 1,000 ಮೀಟರ್‌ನ ಕಣಿವೆಗೆ ಇಳಿಯಿತು. ಮೀಟರಿನಲ್ಲಿ ಅದೇ 6 ಪಿಎಸ್‌ಐ. ಹೊರಗಿನ ಒತ್ತಡ ಸುಮಾರು 90 ಆದ್ದರಿಂದ ಒಟ್ಟು 131. ಬೆಟ್ಟದ ಮೇಲಿದ್ದುದಕ್ಕಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು ಗಾಳಿ ಸಿಲಿಂಡರ್‌ಗೆ ಬೀಳುತ್ತಿದೆ. ಪೆಟ್ರೋಲ್ ಬೇಡಿಕೆ, ಸಿಲಿಂಡರಿನ ಒತ್ತಡ, ನಾಕಿಂಗ್ ಬರುವ ಸಾಧ್ಯತೆ ಎಲ್ಲವೂ ಏರಿವೆ. ಮೀಟರಿನ ಮುಳ್ಳು ಮಾತ್ರ ಕದಲಿಲ್ಲ. ದಿನವಿಡೀ ಬೆಟ್ಟದಲ್ಲಿ ಚೆನ್ನಾಗಿ ಓಡಿದ ಎಂಜಿನ್, ವಾಪಸು ಬರುವ ಹಾದಿಯಲ್ಲಿ ಗಾಡಿ ನಿಲ್ಲಿಸಿದ ಜಾಗದ ಹತ್ತಿರ ಥ್ರಾಟಲ್ ಪೂರ್ತಿ ಒತ್ತಿದಾಗ ಪಿಸ್ಟನ್ ಕರಗಿ ನಿಲ್ಲುವುದು ಹೀಗೆ. ಬೂಸ್ಟ್ ಇದೆ, ಇಲ್ಲ ಎಂಬ ಎರಡೇ ಸ್ಥಿತಿ ಬಲ್ಲ ಒತ್ತಡದ ಸ್ವಿಚ್ಚಿನ ಹಳೆಯ ಕಂಟ್ರೋಲರ್‌ಗಳು ಪರ್ವತಕ್ಕೆ ಹೇಳಿದ್ದಲ್ಲ. ಒಟ್ಟು ಒತ್ತಡ ಓದುವ ಸೆನ್ಸರ್ ಇರುವುದನ್ನೇ ಕೊಳ್ಳಬೇಕು, ಜೊತೆಗೆ ಇಳಿಯುವ ಮೊದಲು ಬೂಸ್ಟ್ ತಗ್ಗಿಸುವ ರೂಢಿ ಬೇಕು.

ಪೆಟ್ರೋಲ್ ಸರಬರಾಜು

ಕಂಟ್ರೋಲರ್ ಇಂಜೆಕ್ಟರನ್ನು ಎಷ್ಟೇ ಹೊತ್ತು ತೆರೆದಿಟ್ಟರೂ ಅದರ ಹಿಂದೆ ಪೆಟ್ರೋಲ್ ಒತ್ತಡದಲ್ಲಿ ನಿಂತಿರದಿದ್ದರೆ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಇಂಜೆಕ್ಟರ್‌ಗಳ ಹಳಿಯಲ್ಲಿ 3 ಬಾರ್ ಒತ್ತಡ ಇರುತ್ತದೆ. ಇಂಜೆಕ್ಟರ್‌ನ ಮೂತಿ ಇರುವುದು ಬೂಸ್ಟ್ ತುಂಬಿದ ಗಾಳಿಯೊಳಗೆ. ಹಳಿಯ ಒತ್ತಡ ಕಾಯುವ ರೆಗ್ಯುಲೇಟರಿಗೆ ಬೂಸ್ಟ್ ಪೈಪ್ ಕೊಡದೆ ಬಿಟ್ಟರೆ, 1 ಬಾರ್ ಬೂಸ್ಟಿನಲ್ಲಿ ಪೆಟ್ರೋಲನ್ನು ನಿಜವಾಗಿ ತಳ್ಳುವ ಒತ್ತಡ 2 ಬಾರ್ ಮಾತ್ರ. ಹರಿವು ಒತ್ತಡದ ವರ್ಗಮೂಲದಂತೆ ಇಳಿಯುವುದರಿಂದ ಶೇ. 18ರಷ್ಟು ಪೆಟ್ರೋಲ್ ಖೋತಾ. ಬೇಡಿಕೆ ತುತ್ತತುದಿಗೆ ಏರಿದ ಗಳಿಗೆಯಲ್ಲೇ ಸರಬರಾಜು ಕುಸಿಯುವ ಈ ಸಂಗತಿಯನ್ನು ಪೆಟ್ಟಿಗೆಯ ಸೆಟ್ಟಿಂಗ್‌ನಿಂದ ಮುಚ್ಚಿಹಾಕುವ ಬದಲು, ಬೂಸ್ಟಿನ ಜೊತೆಜೊತೆಗೆ ಒತ್ತಡ ಏರಿಸುವ ರೆಗ್ಯುಲೇಟರ್ ಹಾಕುವುದೇ ನೇರ ದಾರಿ.

ಇಂಜೆಕ್ಟರ್ ಗಾತ್ರದ ಲೆಕ್ಕವೂ ಕಷ್ಟದ್ದಲ್ಲ. ಟರ್ಬೊ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕಿಲೋ ಪೆಟ್ರೋಲ್ ಬೇಡುತ್ತದೆ. 250 ಅಶ್ವಶಕ್ತಿಗೆ ಹತ್ತಿರ ಹತ್ತಿರ 68 ಕಿಲೋ. ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿದರೆ ತಲಾ 17, ಶೇ. 85ರ ಮಿತಿ ಇಟ್ಟರೆ ತಲಾ 20 ಕಿಲೋ ಸಾಮರ್ಥ್ಯ ಬೇಕು, ಅಂದರೆ ನಿಮಿಷಕ್ಕೆ 450 ಸಿಸಿ. ಮೂಲ ಇಂಜೆಕ್ಟರ್ ಇದಕ್ಕಿಂತ ಚಿಕ್ಕದಾದರೆ ದೊಡ್ಡದನ್ನು ಹಾಕಬೇಕು, ಇಲ್ಲವೇ ಗಾಳಿಯ ಪೆಟ್ಟಿಗೆಯಲ್ಲಿ ಹೆಚ್ಚುವರಿ ಇಂಜೆಕ್ಟರ್‌ಗಳನ್ನು ಕೂರಿಸಿ ಬೂಸ್ಟ್ ಬಂದಾಗ ಮಾತ್ರ ಅವುಗಳನ್ನು ಓಡಿಸಬೇಕು. ದೊಡ್ಡ ಇಂಜೆಕ್ಟರ್ ಹಾಕಿದರೆ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಹೆಚ್ಚಾಗಿ ಬೀಳುತ್ತದೆ, ಆಗ ಕಂಟ್ರೋಲರ್ ಅಲ್ಲಿ ಕಡಿತ ಮಾಡಬೇಕಾಗುತ್ತದೆ. ಟ್ಯಾಂಕಿನೊಳಗಿನ ಪಂಪ್ ಸಾಲದಿದ್ದರೆ ಎರಡನೆಯ ಪಂಪ್.

ಅಳವಡಿಕೆ

ಕೆಲಸ ಶುರುವಾಗುವುದು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚುವುದರಿಂದ. ಸೀಟು, ಬದಿಯ ಹಲಗೆಗಳು, ಹುಡ್, ಮಾದರಿಯನ್ನು ನೋಡಿಕೊಂಡು ಪೆಟ್ರೋಲ್ ಟ್ಯಾಂಕ್ ಮತ್ತು ಗಾಳಿಯ ಪೆಟ್ಟಿಗೆ, ಹೀಗೆ ಒಂದೊಂದನ್ನೇ ತೆಗೆದರೆ ಥ್ರಾಟಲ್ ಬಾಡಿಗಳ ಸಾಲು ಕಾಣುತ್ತದೆ. ಸ್ನೋಮೊಬೈಲ್‌ನ ಹುಡ್ ಕೆಳಗೆ ಕೈ ಆಡಿಸಲೂ ಜಾಗವಿರುವುದಿಲ್ಲ. ಟರ್ಬೊ ಕೂತ ಮೇಲಂತೂ ಹೇಳುವುದೇ ಬೇಡ. ಆದ್ದರಿಂದ ಟರ್ಬೊ ಮತ್ತು ಅದರ ಕೊಳವೆಗಳು ತಮ್ಮ ಜಾಗದಲ್ಲಿ ಕೂತ ಮೇಲೆಯೇ ವೈರಿನ ದಾರಿ ಗೊತ್ತುಮಾಡುವುದು ಸರಿ. ಮೊದಲೇ ವೈರ್ ಕಟ್ಟಿದವರು ಆಮೇಲೆ ಬಿಚ್ಚುತ್ತಾರೆ.

ಇಂಜೆಕ್ಟರ್‌ನ ಮೂಲ ಕಪ್ಲರ್ ಬಿಚ್ಚಿ, ಅದರ ಒಂದು ತುದಿಗೆ ಕಂಟ್ರೋಲರ್‌ನ ಗಂಡು ಕಪ್ಲರ್, ಇಂಜೆಕ್ಟರ್‌ಗೆ ಹೆಣ್ಣು ಕಪ್ಲರ್ ಸೇರಿಸುವುದು, ನಾಲ್ಕಕ್ಕೂ ಹೀಗೆಯೇ. ಇಲ್ಲಿ ಸಿಲಿಂಡರಿನ ಕ್ರಮ ತಪ್ಪಬಾರದು. ಎರಡು ಅದಲುಬದಲಾದರೂ ಎಂಜಿನ್ ಚಾಲೂ ಆಗುತ್ತದೆ, ಐಡ್ಲಿಂಗ್ ಸುಮಾರಾಗಿಯೇ ಇರುತ್ತದೆ, ತಪ್ಪು ಬಯಲಾಗುವುದು ಬೂಸ್ಟ್ ಬಂದಾಗ. ಬಿಚ್ಚುವ ಮೊದಲೇ ಪ್ರತಿ ಕಪ್ಲರಿಗೆ ಟೇಪಿನ ಚೂರು ಅಂಟಿಸಿ ಅಂಕಿ ಬರೆದುಬಿಟ್ಟರೆ ಈ ಗೊಂದಲವಿಲ್ಲ. ಥ್ರಾಟಲ್ ಸೆನ್ಸರಿನ ವೈರಿಗೆ ಒಂದು ಸೇರ್ಪಡೆ, ಎಂಜಿನ್ ವೇಗದ ಸಂಕೇತಕ್ಕೆ ಮಾದರಿ ಬೇಡಿದರೆ ಇನ್ನೊಂದು. ಹಿಮದ ನೀರು ನುಗ್ಗುವ ಜಾಗವಾದ್ದರಿಂದ ಪ್ರತಿ ಕಪ್ಲರ್ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಾಕಬೇಕು.

ಅರ್ತ್ ವೈರ್ ಚಿಕ್ಕ ಕೆಲಸವಾಗಿ ಕಂಡರೂ ಎಷ್ಟೋ ತಲೆನೋವಿಗೆ ಮೂಲ ಅದೇ. ಬಣ್ಣ ಬಳಿದ ಚಾಸಿಯ ಬೋಲ್ಟಿಗೆ ಸಿಕ್ಕಿಸಿದ ಅರ್ತ್ ಕಂಪನಕ್ಕೆ ಸಡಿಲಾಗುತ್ತದೆ. ಆಗ ಕಂಟ್ರೋಲರ್ ಒಮ್ಮೊಮ್ಮೆ ಮಾತ್ರ ಮಂಕಾಗುತ್ತದೆ, ಕಾರಣ ಹುಡುಕುವವರಿಗೆ ಸಿಗುವುದಿಲ್ಲ. ಬ್ಯಾಟರಿಯ ನೆಗೆಟಿವ್‌ಗೇ ನೇರ ಎಳೆಯುವುದು ಒಳ್ಳೆಯದು. ವೈರ್‌ಗಳು ಟರ್ಬೊದ ಬಿಸಿ ಬದಿಯಿಂದಲೂ, ತಿರುಗುವ ಕ್ಲಚ್ಚಿನಿಂದಲೂ, ಸ್ಟಿಯರಿಂಗ್ ಕಂಬಿಯಿಂದಲೂ ದೂರ ಇರಬೇಕು. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಯಾವ ವೈರೂ ಬಿಗಿಯುತ್ತಿಲ್ಲ ಎಂದು ನೋಡಬೇಕು. ಬಿಸಿ ಕೊಳವೆಗೆ ಹತ್ತಿರದ ಕಡೆ ಪ್ಲಾಸ್ಟಿಕ್ ಟೈ ಬದಲು ಲೋಹದ ಕ್ಲಿಪ್ ಮತ್ತು ಶಾಖ ತಡೆಯುವ ತೋಳು.

ಬೂಸ್ಟ್ ಸೆನ್ಸರಿನ ರಬ್ಬರ್ ಕೊಳವೆಯ ವಿಷಯ ಮಾತ್ರ ಸ್ನೋಮೊಬೈಲ್‌ಗೇ ವಿಶೇಷ. ಬೂಸ್ಟ್ ಗಾಳಿಯಲ್ಲಿ ತೇವಾಂಶವಿರುತ್ತದೆ. ಎಂಜಿನ್ ಆರಿಸಿದ ಮೇಲೆ ಅದು ಕೊಳವೆಯ ತಗ್ಗಿನಲ್ಲಿ ಹನಿಗಟ್ಟಿ, ರಾತ್ರಿಯ ಚಳಿಗೆ ಮಂಜುಗಡ್ಡೆಯಾಗಿ ಕೊಳವೆಯನ್ನು ಬಂದ್ ಮಾಡುತ್ತದೆ. ಬೆಳಿಗ್ಗೆ ಟರ್ಬೊ ಬೂಸ್ಟ್ ಕೊಡುತ್ತದೆ, ಸೆನ್ಸರಿಗೆ ಸುದ್ದಿ ಮುಟ್ಟುವುದಿಲ್ಲ, ಕಂಟ್ರೋಲರ್ ಹೆಚ್ಚುವರಿ ಪೆಟ್ರೋಲ್ ಸೇರಿಸುವುದಿಲ್ಲ. ಸೆನ್ಸರನ್ನು ಥ್ರಾಟಲ್ ಬಾಡಿಗಿಂತ ಮೇಲೆ ಕೂರಿಸಿ, ಕೊಳವೆ ಎಲ್ಲೂ ಜೋತುಬೀಳದೆ ಒಂದೇ ಸಮನೆ ಕೆಳಗಿಳಿಯುವಂತೆ, ಆದಷ್ಟು ಚಿಕ್ಕದಾಗಿ ಕೊಡಬೇಕು. ಹೀಗೆ ಮಾಡಿದರೆ ನೀರು ತಾನಾಗಿ ಎಂಜಿನ್ ಕಡೆಗೆ ಜಾರಿಹೋಗುತ್ತದೆ. ಬೂಸ್ಟಿಗೆ ಕಿತ್ತುಬರದಂತೆ ಎರಡೂ ತುದಿಗೆ ಕ್ಲಾಂಪ್.

ಕಂಟ್ರೋಲರ್ ಜೊತೆಗೆ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ಮತ್ತು ಅದರ ಮೀಟರ್ ಇರಲೇಬೇಕು. ಇದನ್ನು ಐಚ್ಛಿಕ ಎಂದು ಮಾರುವವರಿದ್ದಾರೆ. ಹೊಗೆಯಲ್ಲಿ ಏನಿದೆ ಎಂದು ನೋಡದೆ ಟರ್ಬೊ ಎಂಜಿನ್‌ಗೆ ಪೆಟ್ರೋಲ್ ಹೊಂದಿಸುವುದು ಸಾಧ್ಯವಿಲ್ಲದ ಕೆಲಸ. ಸೆನ್ಸರನ್ನು ಟರ್ಬೊ ದಾಟಿದ ನಂತರದ ಕೊಳವೆಗೆ ಕೂರಿಸಬೇಕು, ಏಕೆಂದರೆ ಟರ್ಬೊಗೆ ಮೊದಲಿನ ಒತ್ತಡ ಮತ್ತು ಶಾಖ ಓದನ್ನು ಕೆಡಿಸುತ್ತವೆ. ಅದನ್ನು ಅಡ್ಡ ರೇಖೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿ ಕೂರಿಸುತ್ತಾರೆ, ಹನಿಗಟ್ಟಿದ ನೀರು ಬಿಸಿ ಪಿಂಗಾಣಿಯ ಮೇಲೆ ನಿಂತು ಅದನ್ನು ಸೀಳದಿರಲಿ ಎಂದು. ಸೀಸ ಬೆರೆತ ರೇಸ್ ಪೆಟ್ರೋಲ್ ಹಾಕುವವರ ಸೆನ್ಸರ್ ಬಹಳ ಕಾಲ ಬಾಳುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡದೆ ಕೀಲಿ ತಿರುಗಿಸಿ, ಪಂಪ್ ಓಡಿ ಒತ್ತಡ ಕಟ್ಟಿದಾಗ ಪೆಟ್ರೋಲ್ ಎಲ್ಲೂ ಒಸರುತ್ತಿಲ್ಲ ಎಂದು ಕೈಯಿಂದ ತಡವಿ ನೋಡಬೇಕು. ಕಂಟ್ರೋಲರ್ ತೋರಿಸುವ ಒತ್ತಡ ಆ ಊರಿನ ಆ ದಿನದ ವಾಯುಮಂಡಲದ ಒತ್ತಡಕ್ಕೆ ಹೊಂದಬೇಕು. ಥ್ರಾಟಲ್ ಮುಚ್ಚಿದಾಗ ಸೊನ್ನೆ, ಪೂರ್ತಿ ತೆರೆದಾಗ ನೂರು ತೋರಿಸುವಂತೆ ಹೊಂದಿಸಿಕೊಳ್ಳುವುದೂ ಈ ಹಂತದಲ್ಲೇ.

ಟ್ಯೂನಿಂಗ್

ಪೆಟ್ರೋಲ್ ಪೂರ್ತಿ ಉರಿಯಲು 1 ಕಿಲೋಗೆ 14.7 ಕಿಲೋ ಗಾಳಿ ಬೇಕು. ಟರ್ಬೊ ಇಲ್ಲದ ಎಂಜಿನ್ ಹೆಚ್ಚು ಶಕ್ತಿ ಕೊಡುವುದು 12.5ರಿಂದ 13ರ ನಡುವೆ. ಬೂಸ್ಟಿನಲ್ಲಿ ನಾಲ್ಕು ಸ್ಟ್ರೋಕ್ ಎಂಜಿನ್‌ಗೆ 11.5ರಿಂದ 12ರವರೆಗಿನ ರಿಚ್ (ಪೆಟ್ರೋಲ್ ಹೆಚ್ಚಿರುವ) ಮಿಶ್ರಣ ಸುರಕ್ಷಿತ. ಆವಿಯಾಗುವ ಹೆಚ್ಚುವರಿ ಪೆಟ್ರೋಲ್ ಸಿಲಿಂಡರಿನ ಬಿಸಿ ಹೀರುತ್ತದೆ. ಮೊದಲ ಓಟಕ್ಕೆ ಇದಕ್ಕಿಂತಲೂ ರಿಚ್ ಇಟ್ಟು, ಅತಿ ಕಡಿಮೆ ಬೂಸ್ಟಿನಿಂದ ಶುರುಮಾಡಿ, ಮೀಟರ್ ನೋಡುತ್ತ ಸ್ವಲ್ಪ ಸ್ವಲ್ಪವಾಗಿ ಕಡಿತ ಮಾಡುತ್ತ ಬರುವುದು ಕ್ರಮ. ರಿಚ್ ಆದ ಎಂಜಿನ್ ಗೊರಗೊರ ಎಂದು ತಡವರಿಸುತ್ತದೆ, ಹಾಳಾಗುವುದಿಲ್ಲ. ಲೀನ್ ಆದ, ಅಂದರೆ ಪೆಟ್ರೋಲ್ ಕಡಿಮೆ ಬಿದ್ದ ಎಂಜಿನ್ ಚುರುಕಾಗಿ ಓಡುತ್ತದೆ, ಪಿಸ್ಟನ್ನಿನ ನೆತ್ತಿ ತೂತಾಗುವವರೆಗೆ.

ಕಾರು, ಬೈಕಿನ ಟ್ಯೂನಿಂಗ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ತರುವುದು ಬೆಲ್ಟ್ ಕ್ಲಚ್. ಸ್ನೋಮೊಬೈಲ್‌ಗೆ ಗೇರ್‌ಗಳಿಲ್ಲ, ಸ್ಕೂಟರಿನಲ್ಲಿರುವಂತೆ ಎರಡು ರಾಟೆಗಳ ನಡುವೆ ಬೆಲ್ಟ್ ಮೇಲೆ ಕೆಳಗೆ ಜರುಗಿ ಅನುಪಾತ ತಾನಾಗಿ ಬದಲಾಗುತ್ತದೆ. ಥ್ರಾಟಲ್ ಪೂರ್ತಿ ಒತ್ತಿದರೆ ಕ್ಲಚ್ ಎಂಜಿನ್ನನ್ನು ಅದರ ಶಕ್ತಿ ತುದಿಗೇರುವ ವೇಗದಲ್ಲಿ ಹಿಡಿದಿಡುತ್ತದೆ: ಅಪೆಕ್ಸ್‌ನಲ್ಲಿ ಸುಮಾರು 10,500, ಎರಡು ಸ್ಟ್ರೋಕಿನ 800 ಸಿಸಿ ವರ್ಗದಲ್ಲಿ ಸುಮಾರು 8,000. ಆದ್ದರಿಂದ ಕೋಷ್ಟಕದಲ್ಲಿ ಎಂಜಿನ್ ವೇಗದ ಉದ್ದಕ್ಕೂ ತಿದ್ದುತ್ತ ಕೂರುವುದರಿಂದ ಹೆಚ್ಚೇನೂ ಸಿಗುವುದಿಲ್ಲ. ಆ ಇಕ್ಕಟ್ಟಿನ ಪಟ್ಟಿಯೊಳಗೆ ಬೇರೆ ಬೇರೆ ಬೂಸ್ಟ್, ಬೇರೆ ಬೇರೆ ಥ್ರಾಟಲ್ ಸ್ಥಿತಿಗಳಲ್ಲಿ ಮಿಶ್ರಣ ಹೇಗಿದೆ ಎಂಬುದೇ ಮುಖ್ಯ. ಮರಗಳ ನಡುವೆ ಅರ್ಧ ಥ್ರಾಟಲ್‌ನಲ್ಲಿ ನುಸುಳುವಾಗ ಟರ್ಬೊ ತಟ್ಟನೆ ಎಚ್ಚರಗೊಳ್ಳುವ ಆ ಘಟ್ಟವನ್ನು ತಿದ್ದುವುದರಲ್ಲಿ ಟ್ಯೂನರ್‌ನ ಕೈಗುಣ ಗೊತ್ತಾಗುತ್ತದೆ. ಪೂರ್ತಿ ಥ್ರಾಟಲ್ ಎಲ್ಲರಿಗೂ ಬರುತ್ತದೆ.

ಇನ್ನೊಂದು ಪರಿಣಾಮವಿದೆ. ಶಕ್ತಿ ಹೆಚ್ಚಾದರೆ ಹಳೆಯ ಕ್ಲಚ್ ಎಂಜಿನ್ನನ್ನು ತಡೆಹಿಡಿಯಲಾರದು, ವೇಗ ಮಿತಿ ಮೀರಿ ಓಡುತ್ತದೆ. ಆಗ ಪೆಟ್ರೋಲ್ ಸೆಟ್ಟಿಂಗ್ ಮುಟ್ಟದೆ ಕ್ಲಚ್ಚಿನ ತೂಕಗಳನ್ನು ಭಾರದವಕ್ಕೆ ಬದಲಿಸಬೇಕು, ಸ್ಪ್ರಿಂಗ್ ನೋಡಬೇಕು. ಮಿಶ್ರಣ ಸರಿಯಾದ ಹಾಗೆ ಶಕ್ತಿ ಏರುತ್ತದೆ, ಕ್ಲಚ್ ಮತ್ತೆ ತಪ್ಪುತ್ತದೆ. ಎರಡನ್ನೂ ಸರದಿಯಲ್ಲಿ ಹೊಂದಿಸುತ್ತ ಹೋಗಬೇಕಾಗುತ್ತದೆ.

ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ವೈಡ್‌ಬ್ಯಾಂಡ್ ಮೀಟರನ್ನೇ ನಂಬಲಾಗದು. ಅಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯದೆ ನೇರ ಹೊಗೆನಳಿಕೆಗೆ ಜಾರುವುದರಿಂದ ಅದರ ಜೊತೆಗಿನ ಆಮ್ಲಜನಕ ಸೆನ್ಸರನ್ನು ದಾರಿ ತಪ್ಪಿಸುತ್ತದೆ, ಎಣ್ಣೆಯ ಮಸಿ ಅದನ್ನು ಮುಚ್ಚುತ್ತದೆ. ಆದಕಾರಣ ಹೊಗೆಯ ಉಷ್ಣತೆಯ ಮೀಟರ್, ನಾಕಿಂಗ್ ಸೆನ್ಸರ್, ಪ್ಲಗ್ ಬಿಚ್ಚಿ ಬಣ್ಣ ನೋಡುವ ಹಳೆಯ ಪದ್ಧತಿ ಮೂರನ್ನೂ ಕೂಡಿಸಿ ತೀರ್ಮಾನಿಸುತ್ತಾರೆ. ಎರಡು ಸ್ಟ್ರೋಕಿನ ಪಿಸ್ಟನ್ ಲೀನ್ ಮಿಶ್ರಣವನ್ನು ಸೆಕೆಂಡುಗಳ ಮಟ್ಟಿಗೆ ತಾಳುತ್ತದೆ, ಅದಕ್ಕಿಂತ ಹೆಚ್ಚು ಅವಕಾಶ ಕೊಡುವುದಿಲ್ಲ.

ಪೆಟ್ರೋಲಿನ ಆಕ್ಟೇನ್ ಕೂಡ ಟ್ಯೂನಿಂಗ್‌ನ ಭಾಗ. ರಾಕಿ ಪ್ರದೇಶದ ಬಂಕುಗಳಲ್ಲಿ ಪ್ರೀಮಿಯಂ ಎಂದು ಸಿಗುವುದು ಅಮೆರಿಕದ ಅಳತೆಯಲ್ಲಿ 91. ಅದನ್ನೇ ನಂಬಿ ಹೊಂದಿಸಿದ ಬೂಸ್ಟ್ ಮಿತಿ ಒಂದು, ರೇಸ್ ಪೆಟ್ರೋಲ್ ಬೆರೆಸಿದಾಗಿನದು ಇನ್ನೊಂದು. ಎಥನಾಲ್ ಬೆರೆತ ಪೆಟ್ರೋಲಿಗೆ ಅದೇ ಗಾಳಿಗೆ ಹೆಚ್ಚು ಪ್ರಮಾಣ ಬೇಕಾಗುವುದರಿಂದ, ಎಥನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಕೋಷ್ಟಕ ಅದರಲ್ಲಿ ಲೀನ್ ಆಗುತ್ತದೆ.

ಕಾರ್ಖಾನೆಯ ಟರ್ಬೊ ಮತ್ತು ಕಾನೂನು

ಕಾರ್ಖಾನೆಗಳೇ ಟರ್ಬೊ ಕೂರಿಸುವುದು ನಾಲ್ಕು ಸ್ಟ್ರೋಕ್ ಎಂಜಿನ್‌ಗಳಿಂದ ಶುರುವಾಯಿತು: ಆರ್ಕ್ಟಿಕ್ ಕ್ಯಾಟ್‌ನ ಟಿ660 ಟರ್ಬೊ 2004ರ ಮಾದರಿ, ಜೆಡ್1 ಟರ್ಬೊ 2009ರದು. 2017ರ ಮಾದರಿಯಲ್ಲಿ ಯಮಹಾದ 998 ಸಿಸಿ ಮೂರು ಸಿಲಿಂಡರ್ ಟರ್ಬೊ ಎಂಜಿನ್ ಸೈಡ್‌ವಿಂಡರ್ ಮತ್ತು ಆರ್ಕ್ಟಿಕ್ ಕ್ಯಾಟ್‌ನ 9000 ವರ್ಗ ಎರಡರಲ್ಲೂ ಬಂತು. ಸ್ಕಿ-ಡೂ 850 ಇ-ಟೆಕ್ ಟರ್ಬೊ ಹೊರತಂದಾಗ ಅದು ಕಾರ್ಖಾನೆಯಿಂದ ಬಂದ ಮೊದಲ ಎರಡು ಸ್ಟ್ರೋಕ್ ಟರ್ಬೊ ಸ್ನೋಮೊಬೈಲ್ ಆಯಿತು. 165 ಅಶ್ವಶಕ್ತಿಯನ್ನು 8,000 ಅಡಿ ಎತ್ತರದವರೆಗೂ ಉಳಿಸಿಕೊಳ್ಳುತ್ತದೆ ಎಂದು ಕಂಪನಿ ಹೇಳಿತು. ಅದಾದ ಮೇಲೆ ಪೊಲಾರಿಸ್‌ನ ಪೇಟ್ರಿಯಟ್ ಬೂಸ್ಟ್ ಬಂತು. ಯಮಹಾ 2025ರ ಮಾದರಿಗಳೊಂದಿಗೆ ಈ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ 2023ರಲ್ಲಿ ಪ್ರಕಟಿಸಿತು. ಕಾರ್ಖಾನೆಯ ಟರ್ಬೊಗಳಲ್ಲಿ ಒಟ್ಟು ಒತ್ತಡ, ಕಿಡಿ, ಪೆಟ್ರೋಲ್, ಬೂಸ್ಟ್ ಎಲ್ಲವನ್ನೂ ಒಂದೇ ಇಸಿಯು ನೋಡಿಕೊಳ್ಳುವುದರಿಂದ ಇಂಜೆಕ್ಟರ್ ವೈರಿನ ನಡುವೆ ಕೂರುವ ಪೆಟ್ಟಿಗೆಗೆ ಅಲ್ಲಿ ಕೆಲಸ ಕಡಿಮೆ; ಇಸಿಯು ಮರುಬರಹ ಆ ಜಾಗ ಹಿಡಿಯುತ್ತಿದೆ. ಯಮಹಾದ ಹಳೆಯ ಅಪೆಕ್ಸ್, ನೈಟ್ರೊ ಮಾದರಿಗಳಿಗೆ ಟರ್ಬೊ ಕೂರಿಸಿಕೊಂಡವರಿಗೆ ಕಂಟ್ರೋಲರ್ ಇಂದಿಗೂ ಬೇಕು.

ಅಮೆರಿಕದಲ್ಲಿ 2006ರ ಮಾದರಿಗಳಿಂದ ಸ್ನೋಮೊಬೈಲ್‌ಗಳಿಗೂ ಹೊಗೆಯ ಮಾನದಂಡ ಜಾರಿಗೆ ಬಂದಿದೆ. ಮಾನದಂಡದ ಪ್ರಕಾರ ಪ್ರಮಾಣೀಕರಿಸಿದ ಎಂಜಿನ್ನಿನ ಹೊಗೆ ನಿಯಂತ್ರಣವನ್ನು ಕೆಡಿಸುವ ಸಾಧನ ಮಾರುವುದು, ಕೂರಿಸುವುದು ಅಲ್ಲಿನ ಶುದ್ಧ ಗಾಳಿ ಕಾಯಿದೆಗೆ ವಿರುದ್ಧ. ಇಂಥ ಹಲವು ಭಾಗಗಳ ಮೇಲೆ ಸ್ಪರ್ಧೆಯ ಬಳಕೆಗೆ ಮಾತ್ರ ಎಂಬ ಚೀಟಿ ಇರುವುದು ಇದರಿಂದಲೇ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಹೊಗೆ ಮತ್ತು ಸದ್ದಿನ ಮಿತಿಯೊಳಗಿರುವ, ಉದ್ಯಾನದ ಆಡಳಿತ ಒಪ್ಪಿದ ಮಾದರಿಗಳಿಗೆ ಮಾತ್ರ ಪ್ರವೇಶ. ಹೊರಗಿನ ಟರ್ಬೊ ಕೂರಿಸಿದವರು ಉದ್ಯಾನದ ಅಂಚಿನ ವೆಸ್ಟ್ ಯೆಲ್ಲೋಸ್ಟೋನ್, ಐಲೆಂಡ್ ಪಾರ್ಕ್ ಸುತ್ತಲಿನ ರಾಷ್ಟ್ರೀಯ ಅರಣ್ಯದ ಹಾದಿಗಳಲ್ಲಿ ಓಡಿಸುತ್ತಾರೆ.